ಬರಹದಲ್ಲಿ ಕೊಡಿ ಅನ್ನು

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೈಸೂರಿನ ಜಿಲ್ಲಾ ತಂಬಾಕು ನಿಯಂತ್ರಣ ಕೋಶದಲ್ಲಿ ನಿನಗೆ ಕೆಲಸವಾಯಿತೆಂದು ನಿಮ್ಮಪ್ಪ ಹೇಳಿದ. ಒಳ್ಳೆಯದಾಯಿತು. ಕೋಟ್ಪಾ, ಅಂದರೆ ತಂಬಾಕಿನ ಜಾಹೀರಾತು ಮತ್ತು ಮಾರಾಟವನ್ನು ನಿಯಂತ್ರಿಸುವ ಕೇಂದ್ರದ ಕಾಯ್ದೆಯ ಸೆಕ್ಷನ್ನುಗಳನ್ನು ತರಬೇತಿಯಲ್ಲಿ ಕಲಿಸುತ್ತಾರೆ, ಅದಕ್ಕೆ ಈ ಕಾಗದ ಬೇಡ. ಕಂಪನಿಗಳು ಸರ್ಕಾರದ ಕೆಲಸದೊಳಗೆ ಹೇಗೆ ಕೈಯಾಡಿಸುತ್ತವೆ ಅನ್ನುವುದನ್ನಷ್ಟೇ ಬರೆಯುತ್ತೇನೆ.

ದುಡ್ಡಿನ ಕವರು ಹಿಡಿದುಕೊಂಡು ಯಾರೋ ಬರುತ್ತಾರೆ ಅಂದುಕೊಳ್ಳಬೇಡ. ಅವರಿಗೆ ಬೇಕಾದದ್ದು ಸಮಯ. ಒಂದು ನಿಯಮ ಒಂದು ವರ್ಷ ತಡವಾದರೆ ಒಂದು ವರ್ಷದ ವ್ಯಾಪಾರ ಉಳಿಯಿತು, ಅಷ್ಟೇ ಲೆಕ್ಕ. ಅಂಗಡಿಗಳ ಜಾಹೀರಾತು ಫಲಕವನ್ನು ಬಿಗಿ ಮಾಡಿದ ನಿಯಮ ಬಂದದ್ದು 2005ರಲ್ಲಿ. ಬಾಂಬೆ ಹೈಕೋರ್ಟಿನಲ್ಲಿ ತಡೆಯಾಜ್ಞೆ ಬಿತ್ತು. ಸುಪ್ರೀಂ ಕೋರ್ಟು ಅದನ್ನು ತೆರವು ಮಾಡಿದ್ದು 2013ರ ಜುಲೈನಲ್ಲಿ. ಅದೂ ಅಲ್ಲಿಗೆ ಹೋದದ್ದು ಸರ್ಕಾರವಲ್ಲ, ಒಂದು ಸ್ವಯಂಸೇವಾ ಸಂಸ್ಥೆ.

ಪ್ಯಾಕಿನ ಮೇಲಿನ ಶೇ. 85ರ ಎಚ್ಚರಿಕೆ ಚಿತ್ರದ ಕಥೆಯನ್ನಂತೂ ತಾರೀಖು ಸಮೇತ ಗೊತ್ತಿಟ್ಟುಕೋ, ನಮ್ಮ ಹೈಕೋರ್ಟೂ ಅದರಲ್ಲಿದೆ. ಅಲ್ಲಿಯವರೆಗೆ ಮುಂಬದಿಯ ಶೇ. 40ರಷ್ಟು ಮಾತ್ರ ಎಚ್ಚರಿಕೆ ಇರುತ್ತಿತ್ತು. 2014ರ ಅಕ್ಟೋಬರಿನಲ್ಲಿ ಕೇಂದ್ರ ಹೊಸ ನಿಯಮ ಹೊರಡಿಸಿತು: ಎರಡೂ ಬದಿ, ಶೇ. 60 ಚಿತ್ರ, ಶೇ. 25 ಅಕ್ಷರ. 2015ರ ಏಪ್ರಿಲ್ 1ರಿಂದ ಜಾರಿಯಾಗಬೇಕಿತ್ತು. ಮಾರ್ಚಿನಲ್ಲಿ ಸಂಸತ್ತಿನ ಸಮಿತಿಯೊಂದು ತಡೆಯಿರಿ ಅಂದಿತು. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆಂದು ಭಾರತದಲ್ಲಿ ಅಧ್ಯಯನವೇ ಆಗಿಲ್ಲ ಎಂದರು ಅದರ ಅಧ್ಯಕ್ಷ ದಿಲೀಪ್ ಗಾಂಧಿ. ಸಮಿತಿಯ ಸದಸ್ಯ ಶ್ಯಾಮಾಚರಣ್ ಗುಪ್ತಾ ಸ್ವತಃ ಬೀಡಿ ಉದ್ಯಮಿ. ಒಂದು ವರ್ಷ ಹೋಯಿತು. 2016ರ ಏಪ್ರಿಲಿನಲ್ಲಿ ಜಾರಿಯಾದಾಗ ದೊಡ್ಡ ಕಂಪನಿಗಳು ಕಾರ್ಖಾನೆಗಳನ್ನೇ ಮುಚ್ಚಿ ಕೂತವು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ನಿಯಮ ಪಾಲಿಸಿ ಎಂದು ಹೇಳಿ, ದೇಶದ ಬೇರೆ ಬೇರೆ ಕಡೆಯ ಕೇಸುಗಳನ್ನೆಲ್ಲ ಕರ್ನಾಟಕ ಹೈಕೋರ್ಟಿಗೆ ಕಳಿಸಿತು. 2017ರ ಡಿಸೆಂಬರಿನಲ್ಲಿ ಇಲ್ಲಿ ನಿಯಮ ರದ್ದಾಯಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಚಿತ್ರ ಉಳಿದದ್ದು ಹಾಗೆ.

'ಅಧ್ಯಯನವೇ ಆಗಿಲ್ಲ' ಅನ್ನುವ ಮಾತು ಹಳೆಯ ಸರಕು. 1953ರ ಡಿಸೆಂಬರಿನಲ್ಲಿ ಅಮೆರಿಕದ ಸಿಗರೇಟು ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸೇರಿ, ಪ್ರಚಾರ ಸಂಸ್ಥೆಯೊಂದನ್ನು ಹಿಡಿದು, ಮರು ತಿಂಗಳೇ ನೂರಾರು ಪತ್ರಿಕೆಗಳಲ್ಲಿ ಪೂರ್ತಿ ಪುಟದ ಹೇಳಿಕೆ ಹಾಕಿಸಿದರು. ಸಿಗರೇಟು ಒಳ್ಳೆಯದು ಎಂದು ಅದರಲ್ಲಿ ಹೇಳಲಿಲ್ಲ. ಪುರಾವೆ ಸಾಲದು, ನಾವೇ ಸಂಶೋಧನೆಗೆ ದುಡ್ಡು ಕೊಡುತ್ತೇವೆ ಎಂದರು. 1969ರಲ್ಲಿ ಬ್ರೌನ್ ಅಂಡ್ ವಿಲಿಯಮ್ಸನ್ ಕಂಪನಿಯ ಒಳಗಿನ ಟಿಪ್ಪಣಿಯೊಂದು 'ಸಂಶಯವೇ ನಮ್ಮ ಉತ್ಪನ್ನ' ಎಂದೇ ಬರೆದುಕೊಂಡಿತು. 1998ರ ಹೊತ್ತಿಗೆ ಅಮೆರಿಕದ ಕೋರ್ಟು ಕೇಸುಗಳಿಂದಾಗಿ ಅಂಥ ಕಾಗದಗಳು ಹೊರಬಿದ್ದವು. ಈಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಗ್ರಂಥಾಲಯ ಅವನ್ನು ಅಂತರ್ಜಾಲದಲ್ಲಿ ಬಿಟ್ಟಿದೆ, ಬಿಟ್ಟಿಯಾಗಿ ಹುಡುಕಬಹುದು. ಒಂದು ಭಾನುವಾರ ಕೂತು ಭಾರತ, ತಂಬಾಕು ಮಂಡಳಿ ಎಂಬ ಪದಗಳನ್ನು ಹಾಕಿ ನೋಡು.

ನಿನ್ನ ಸಭೆಗಳಲ್ಲಿ ಸಂಶಯ ಅಂಕಿಅಂಶದ ವೇಷದಲ್ಲಿ ಬರುತ್ತದೆ. ತೆರಿಗೆ ಏರಿಸಿದರೆ ಕಳ್ಳಮಾಲು ಹೆಚ್ಚುತ್ತದೆ, ಈಗಾಗಲೇ ಮಾರುಕಟ್ಟೆಯ ಕಾಲು ಭಾಗ ಅದೇ ಎನ್ನುತ್ತಾರೆ. ಎದುರುವಾದ ಮಾಡಬೇಡ. ಈ ಅಂಕಿ ಯಾರ ದುಡ್ಡಿನ ಸಮೀಕ್ಷೆಯದು, ಎಷ್ಟು ಊರುಗಳಲ್ಲಿ ಮಾಡಿದ್ದು, ಎಣಿಸಿದ್ದು ಖಾಲಿ ಪ್ಯಾಕೋ, ಬಾಯಿಮಾತಿನ ಅಂದಾಜೋ? ಇವನ್ನು ಬರಹದಲ್ಲಿ ಕೊಡಿ ಅನ್ನು. ಭಾರತದ ನಗರಗಳಲ್ಲಿ ಅಂಗಡಿಗಳಿಂದ ಖಾಲಿ ಪ್ಯಾಕು ಸಂಗ್ರಹಿಸಿ ನೋಡಿದ, 2018ರಲ್ಲಿ ಪ್ರಕಟವಾದ ಸ್ವತಂತ್ರ ಅಧ್ಯಯನದಲ್ಲಿ ಅಕ್ರಮ ಸಿಗರೇಟು ಶೇ. 3ಕ್ಕಿಂತ ಕಡಿಮೆ ಇತ್ತು. ತಂಬಾಕಿನಿಂದ ಖಜಾನೆಗೆ ಲಾಭ ಅನ್ನುವ ಮಾತಿಗೂ ಉತ್ತರ ಇಟ್ಟುಕೋ. 2017-18ರಲ್ಲಿ ತಂಬಾಕಿನ ಕಾಯಿಲೆ ಮತ್ತು ಸಾವಿನಿಂದ ದೇಶಕ್ಕಾದ ಆರ್ಥಿಕ ಹೊರೆ ಸುಮಾರು 1.77 ಲಕ್ಷ ಕೋಟಿ ರೂಪಾಯಿ. ತಂಬಾಕಿನ ಅಬಕಾರಿ ಸುಂಕ ಅದರ ಶೇ. 12ರಷ್ಟು.

ಇನ್ನು ಭೇಟಿಗಳ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದಕ್ಕೆ ಭಾರತ 2004ರಲ್ಲೇ ಸೇರಿದೆ. ಆರೋಗ್ಯ ನೀತಿಯನ್ನು ಈ ಉದ್ಯಮದ ಹಿತಾಸಕ್ತಿಯಿಂದ ಕಾಪಾಡಬೇಕು ಅನ್ನುತ್ತದೆ ಅದರ 5.3ನೇ ವಿಧಿ. 2020ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತನ್ನ ನೌಕರರಿಗೆ ಇದರ ಮೇಲೆ ನೀತಿ ಸಂಹಿತೆಯನ್ನೂ ತಂದಿತು. ಅದರ ಪ್ರತಿ ಮೇಜಿನ ಮೇಲೇ ಇರಲಿ. ಕಂಪನಿಯವರನ್ನು ಕಾಣಲೇಬಾರದು ಎಂದೇನಿಲ್ಲ. ನಿಯಮ ಜಾರಿಗೆ ಬೇಕಾದಷ್ಟು ಮಾತ್ರ ಕಾಣಬೇಕು, ಕಂಡದ್ದು ಕಡತದಲ್ಲಿರಬೇಕು.

ಫೋನಿನಲ್ಲಿ 'ಸುಮ್ನೆ ಪರಿಚಯಕ್ಕೆ ಬರ್ತೀವಿ ಮೇಡಂ' ಅಂದರೆ, ವಿಷಯ ಏನು, ಯಾರ ಪರವಾಗಿ, ಎಷ್ಟು ಜನ ಎಂದು ಪತ್ರ ಕೊಡಿ ಅನ್ನು. ಅರ್ಧಕ್ಕರ್ಧ ಜನ ಅಲ್ಲಿಗೇ ನಿಲ್ಲುತ್ತಾರೆ. ಬಂದರೆ ಕಚೇರಿಯಲ್ಲೇ, ಇನ್ನೊಬ್ಬ ಸಿಬ್ಬಂದಿಯ ಎದುರಿಗೇ. ಹೋಟೆಲ್ ಬೇಡ, ಕಾಫಿ ಬಿಲ್ಲೂ ಅವರದಾಗುವುದು ಬೇಡ. ಅವರು ಬಿಟ್ಟುಹೋದ ಪ್ರತಿ ಕಾಗದಕ್ಕೂ ಟಪಾಲು ನಂಬರು ಹಾಕಿಸು. ನಡಾವಳಿಯನ್ನು ಅದೇ ದಿನ ಬರೆದು ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸು. ಮರುದಿನಕ್ಕೆ ಬಿಟ್ಟರೆ 'ಮೇಡಂ ಒಪ್ಪಿದ್ದರು' ಎಂಬ ಅವರ ಇಮೇಲು ನಿನ್ನ ನಡಾವಳಿಗಿಂತ ಮುಂಚೆ ಕಡತ ಸೇರುತ್ತದೆ. ಕಳ್ಳಮಾಲಿನ ಮೇಲೆ ಜಂಟಿ ದಾಳಿ ಮಾಡೋಣ, ಪೊಲೀಸರಿಗೆ ತರಬೇತಿ ಕೊಡುತ್ತೇವೆ, ಶಾಲೆಗೆ ನೀರಿನ ಫಿಲ್ಟರು ಕೊಡುತ್ತೇವೆ, ಉದ್ಘಾಟನೆಗೆ ನೀವೇ ಬನ್ನಿ ಎನ್ನುತ್ತಾರೆ. ಎಲ್ಲಕ್ಕೂ ಬೇಡ ಅನ್ನು. ಅವರಿಗೆ ಬೇಕಾಗಿರುವುದು ಆ ಫೋಟೋ. ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಖರ್ಚಿನ ಹೆಸರಲ್ಲೂ ಕೋಟ್ಪಾ ಮೀರುವಂತಿಲ್ಲ ಎಂದು 2016ರ ಮೇ ತಿಂಗಳಲ್ಲಿ ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯ ಸುತ್ತೋಲೆ ಕಳಿಸಿದೆ, ಕೇಳಿದವರಿಗೆ ಅದನ್ನು ತೋರಿಸು.

ಸರ್ಕಾರದೊಳಗೇ ಇಕ್ಕಟ್ಟಿದೆ. ತಂಬಾಕು ಮಂಡಳಿ 1975ರ ಕಾಯ್ದೆಯಿಂದ ಹುಟ್ಟಿದ್ದು, ವಾಣಿಜ್ಯ ಸಚಿವಾಲಯದ್ದು, ಬೆಳೆ ಮತ್ತು ರಫ್ತು ನೋಡಿಕೊಳ್ಳುವುದು ಅದರ ಕೆಲಸ. ಸಿಗರೇಟು ತಯಾರಿಸುವ ಐಟಿಸಿ ಕಂಪನಿಯಲ್ಲಿ ಸರ್ಕಾರದ ಎಲ್‌ಐಸಿಗೆ ಶೇ. 15ರಷ್ಟು ಪಾಲಿದೆ. 2010ರಲ್ಲಿ ಬೆಂಗಳೂರಿನಲ್ಲಿ ಉದ್ಯಮದ ಜಾಗತಿಕ ಸಮಾವೇಶಕ್ಕೆ ಮಂಡಳಿ ಕೈಜೋಡಿಸಿದಾಗ, ಬೆಂಗಳೂರಿನದೇ ಸಾರ್ವಜನಿಕ ಆರೋಗ್ಯ ಸಂಸ್ಥೆಯೊಂದು 5.3ನೇ ವಿಧಿ ಹಿಡಿದು ಹೈಕೋರ್ಟಿಗೆ ಹೋಯಿತು. ಮಂಡಳಿ ಹಿಂದೆ ಸರಿಯಿತು. ಆ ವಿಧಿ ಗೋಡೆಗೆ ನೇತುಹಾಕುವ ಅಲಂಕಾರ ಅಲ್ಲ ಅನ್ನುವುದಕ್ಕೆ ಈ ಒಂದು ಕೇಸು ಸಾಕು.

ಅಂಗಡಿ ತಪಾಸಣೆಯಲ್ಲಿ ಆಗುವ ದೊಡ್ಡ ತಪ್ಪು ಹೇಳುತ್ತೇನೆ. ಬಿಸ್ಕತ್ತಿನ ಡಬ್ಬಿಗಳ ಮೇಲೆ, ಕಣ್ಣಿನ ಎತ್ತರಕ್ಕೆ, ಒಳಗೆ ಎಲ್‌ಇಡಿ ದೀಪ ಉರಿಯುವ ಸಿಗರೇಟು ಕಪಾಟು ಇರುತ್ತದೆ. ಹೆಸರಿರುವುದಿಲ್ಲ, ಆದರೆ ಪಟ್ಟಿಯ ಬಣ್ಣ ನೋಡಿದರೆ ಯಾವ ಬ್ರ್ಯಾಂಡೆಂದು ಮಗುವಿಗೂ ಗೊತ್ತಾಗುತ್ತದೆ. ನಿಯಮದಂತೆ ಅಂಗಡಿಯ ಜಾಹೀರಾತು ಫಲಕ 60 ಸೆಂ.ಮೀ. × 45 ಸೆಂ.ಮೀ. ಮೀರಬಾರದು, ಮೇಲ್ಭಾಗದಲ್ಲಿ 20 × 15ರ ಎಚ್ಚರಿಕೆ ಇರಬೇಕು, ಬ್ರ್ಯಾಂಡಿನ ಹೆಸರು, ಪ್ಯಾಕಿನ ಚಿತ್ರ, ದೀಪ ಯಾವುದೂ ಕೂಡದು. ತಂಡ ಹೋಗಿ ಅಂಗಡಿಯವನಿಗೆ ದಂಡ ಹಾಕಿ, ರಸೀದಿ ಹರಿದು, ಫಲಕ ಕಿತ್ತು ಬರುತ್ತದೆ. ವಾರದಲ್ಲಿ ಹೊಸ ಫಲಕ ಬಂದಿರುತ್ತದೆ, ಯಾಕೆಂದರೆ ಹಾಕಿಸಿದವನನ್ನು ಯಾರೂ ಮುಟ್ಟಿಲ್ಲ. ಜಾಹೀರಾತು ನಿಷೇಧಿಸುವ ಕೋಟ್ಪಾದ 5ನೇ ಸೆಕ್ಷನ್ ಮೊದಲು ಹಿಡಿಯುವುದೇ ತಯಾರಕ, ಸರಬರಾಜುದಾರ, ವಿತರಕರನ್ನು. ಹಾಗಾಗಿ ಅಳತೆಪಟ್ಟಿ ಹಿಡಿದು ಫೋಟೋ ತೆಗೆಸು. ಇದನ್ನು ತಂದು ಕೂರಿಸಿದವರು ಯಾರು, ಯಾವಾಗ, ತಿಂಗಳಿಗೆ ಬಾಡಿಗೆ ಕೊಡುತ್ತಾರಾ, ಸರಕಿನ ಬಿಲ್ಲು ಯಾವ ಏಜೆನ್ಸಿಯದು, ಇವೆಲ್ಲ ಮಹಜರಿನಲ್ಲಿ ಬರಲಿ. ಮಹಜರಿಗೆ ಸಹಿ ಸಬ್ ಇನ್‌ಸ್ಪೆಕ್ಟರ್ ಅಥವಾ ಅಧಿಕಾರ ಪಡೆದ ಅಧಿಕಾರಿಯದೇ ಆಗಿರಬೇಕು. ನೀನು ಸಲಹೆಗಾರ್ತಿ, ನೀನು ಸಹಿ ಹಾಕಿದರೆ ಕೇಸು ಮೊದಲ ದಿನವೇ ಬಿದ್ದುಹೋಗುತ್ತದೆ.

2013ರಿಂದ ರಾಜ್ಯದಲ್ಲಿ ಗುಟ್ಕಾ ನಿಷೇಧ ಇದೆಯಲ್ಲ, ಅದಕ್ಕೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿ ಅಕ್ಕಪಕ್ಕ ತೂಗುಹಾಕುತ್ತಾರೆ. ಎರಡನ್ನೂ ಒಂದೇ ಮಹಜರಿನಲ್ಲಿ, ತೂಗುತ್ತಿದ್ದ ಫೋಟೋದೊಂದಿಗೆ ತೆಗೆಸು. ಬೇರೆ ಬೇರೆ ತೆಗೆದರೆ ಸಂಬಂಧ ತೋರಿಸುವುದು ಕಷ್ಟ. ಕೋಟ್ಪಾಗೆ ನಮ್ಮ ರಾಜ್ಯ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದಿದೆ: ಕೊಳ್ಳುವವರಿಗೆ ಕನಿಷ್ಠ ವಯಸ್ಸು 21, ಬಿಡಿ ಸಿಗರೇಟು ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರ ಬದಲು 1,000 ರೂಪಾಯಿ, ಹುಕ್ಕಾ ಬಾರ್ ಬಂದ್. 18 ಎಂದಿರುವ ಹಳೆಯ ಬೋರ್ಡು ಕಂಡರೆ ಮೊದಲು ಅದನ್ನು ಬದಲಾಯಿಸು.

ಕೊನೆಗೆ ನಿಮ್ಮ ಜಿಲ್ಲೆಯದೇ ಪ್ರಶ್ನೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ರೈತರನ್ನು ಮುಂದೆ ನಿಲ್ಲಿಸಿ ಮಾತಾಡುವುದು ಉದ್ಯಮದ ಹಳೆಯ ಪಾಠ. ಅಲ್ಲಿ ಹೋಗಿ ಕ್ಯಾನ್ಸರಿನ ಭಾಷಣ ಮಾಡಬೇಡ. ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿಗೆ ಸೌದೆ ಎಷ್ಟಾಯಿತು, ಹರಾಜಿನಲ್ಲಿ ಸೊಪ್ಪಿನ ಬೇಲ್‌ಗೆ (ಹೊರೆಗೆ) ಯಾವ ಗ್ರೇಡು ಸಿಕ್ಕಿತು, ಕೊಳ್ಳಲು ಬಂದ ಕಂಪನಿಗಳೆಷ್ಟು ಎಂದು ಕೇಳು. ಬೆಲೆ ಬಿದ್ದಾಗ ಕೊಳ್ಳುವವರು ಯಾರೆಂದು ರೈತರಿಗೆ ನಿನಗಿಂತ ಚೆನ್ನಾಗಿ ಗೊತ್ತು. ಮಳೆಯಲ್ಲಿ ನೆನೆದ ಸೊಪ್ಪು ಕೀಳುವಾಗ ಚರ್ಮದ ಮೂಲಕ ನಿಕೋಟಿನ್ ಒಳಗಿಳಿದು ತಲೆಸುತ್ತು, ವಾಂತಿ ಬರುತ್ತದೆ. ಅದು ಕಾಯಿಲೆ, ಕೈಗವಸು ಮತ್ತು ತುಂಬುತೋಳಿನ ಅಂಗಿ ಬೇಕು ಎಂದು ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಡು. ಈ ಸೊಪ್ಪಿನ ಗಣನೀಯ ಭಾಗ ರಫ್ತಾಗುತ್ತದೆ. ಹುಣಸೂರಿನ ಶಾಲೆಯ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಸಿಗರೇಟು ನಿಲ್ಲಿಸಿದರೆ ಹುಣಸೂರಿನ ರೈತನ ಹರಾಜು ನಿಲ್ಲುವುದಿಲ್ಲ. ಸಭೆಯಲ್ಲಿ ಎರಡನ್ನೂ ಕಲಸಿ ಮಾತಾಡಿದಾಗ ಬಿಡಿಸಿ ಹೇಳುವುದು ನಿನ್ನ ಕೆಲಸ.

ನಡಾವಳಿಯ ಮಾದರಿ ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ದಿನಾಂಕ, ಸ್ಥಳ, ಬಂದವರ ಹೆಸರು ಮತ್ತು ಹುದ್ದೆ, ಅವರು ಕೇಳಿದ್ದು, ನೀನು ಹೇಳಿದ್ದು, ಕೊಟ್ಟುಹೋದ ಕಾಗದಗಳ ಪಟ್ಟಿ, ಇಬ್ಬರು ಸಿಬ್ಬಂದಿಯ ಸಹಿ, ಇಷ್ಟೇ. ನಿಮ್ಮ ಕಚೇರಿಗೆ ತಕ್ಕಂತೆ ತಿದ್ದಿಕೊಂಡು, ಮೊದಲ ತಿಂಗಳ ಪ್ರತಿಗಳನ್ನು ಜಿಲ್ಲಾಧಿಕಾರಿಗಳ ಸಮನ್ವಯ ಸಮಿತಿ ಸಭೆಯಲ್ಲಿ ಮಂಡಿಸು.

ಇಂತಿ,
ನಿನ್ನ ದೊಡ್ಡಪ್ಪ