ಮಂಜುಗೆ: ಲೋಗನ್ ಮನೆಯ ಸಾಲದ ಲೆಕ್ಕ

ಪ್ರೀತಿಯ ಮಂಜು,

ಮಿಲ್ಡ್ರೆಡ್ ಟೇಲರ್ ಅವರ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ ಕಾದಂಬರಿ ಮುಗಿಸಿ ಕೇಳಿದೆಯಲ್ಲ, ಕಪ್ಪು ಜನರಿಗೆ ಬೆಂಕಿ ಹಚ್ಚಿದ ಬಿಳಿಯರಾದ ವ್ಯಾಲೇಸ್ ಸಹೋದರರು ಎಂಥವರೆಂದು ಊರಿಗೆಲ್ಲ ಗೊತ್ತಿದ್ದೂ ಕಪ್ಪು ಜನ ಅವರ ಅಂಗಡಿಯಲ್ಲೇ ಯಾಕೆ ಸಾಮಾನು ತರುತ್ತಾರೆ ಅಂತ. ಆ ಪ್ರಶ್ನೆಯನ್ನು ಹಿಡಿದುಕೊಂಡೇ ಇನ್ನೊಮ್ಮೆ ಓದು.

ಕಥೆ ನಡೆಯುವುದು 1933ರ ಮಿಸಿಸಿಪ್ಪಿಯಲ್ಲಿ. ಅಲ್ಲಿನ ಬಹುಪಾಲು ಕಪ್ಪು ರೈತರು ಬಿಳಿಯರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ಬೀಜ, ಗೊಬ್ಬರ, ಹೇಸರಗತ್ತೆ, ಊಟ, ಬಟ್ಟೆ ಎಲ್ಲವೂ ಸಾಲಕ್ಕೆ. ಅಂಗಡಿಯಲ್ಲಿ ಆ ಸಾಲಕ್ಕೆ ಜಾಮೀನು ನಿಲ್ಲುವವನು ಒಡೆಯ, ಹತ್ತಿ ಮಾರುವವನೂ ಒಡೆಯ. ಬಂದ ದುಡ್ಡಲ್ಲಿ ಅರ್ಧ ಅವನದು. ಉಳಿದರ್ಧದಲ್ಲಿ ಅಂಗಡಿಯ ಸಾಲ, ಅದರ ಬಡ್ಡಿ, ಸಾಲದೆಂಬಂತೆ ಜಾಮೀನು ನಿಂತದ್ದಕ್ಕೆ ಶೇಕಡಾ 10ರಿಂದ 15ರಷ್ಟು ಇನ್ನೊಂದು ಬಡ್ಡಿ. ಟರ್ನರ್ ಎಂಬ ರೈತ ಈ ಲೆಕ್ಕ ಬಿಡಿಸಿ ಹೇಳುವ ಪುಟವನ್ನು ಪೆನ್ಸಿಲ್ ಹಿಡಿದೇ ಓದು. ಏನೂ ಬಾಕಿ ಉಳಿಯದಿದ್ದರೆ ಅವನಿಗೆ ಅದೇ ಒಳ್ಳೆಯ ವರ್ಷ.

ಕಾದಂಬರಿಯ ಮುಖ್ಯ ಕುಟುಂಬವಾದ ಲೋಗನ್ ಮನೆಯವರು ಕಪ್ಪು ಜನರೇ, ಆದರೆ ಅವರ ಸ್ಥಿತಿ ಬೇರೆ. 400 ಎಕರೆ ಸ್ವಂತದ್ದು: 200 ಎಕರೆ 1887ರಲ್ಲಿ ಕೊಂಡದ್ದು, ಇನ್ನು 200 ಎಕರೆ 1918ರಲ್ಲಿ ಕೊಂಡದ್ದು. ಎರಡನೆಯದರ ಮೇಲೆ ಅಡಮಾನ, ಎಲ್ಲದರ ಮೇಲೂ ತೆರಿಗೆ. ಹತ್ತಿಯ ಬೆಲೆ ಕುಸಿದ ಮೇಲೆ ತಂದೆ ಲೂಸಿಯಾನಾದ ರೈಲ್ವೆ ಕೆಲಸಕ್ಕೆ ಹೋಗುವುದು ಇದಕ್ಕೇ. ನೆರೆಯವರಿಗೆ ವ್ಯಾಲೇಸರ ಅಂಗಡಿಯ ಬದಲು ಪಟ್ಟಣವಾದ ವಿಕ್ಸ್‌ಬರ್ಗ್‌ನಿಂದ ಸಾಮಾನು ತರಿಸಲು ಇವರು ಈ ಜಮೀನನ್ನೇ ಜಾಮೀನಿಗೆ ಇಡಲು ಹೊರಟಾಗ ವಕೀಲ ಜೇಮಿಸನ್ ತಡೆಯುತ್ತಾನೆ. ಒಕ್ಕಲುಗಳು ಸಾಲ ತೀರಿಸಲಾಗದಿದ್ದರೆ ಹೋಗುವುದು ಲೋಗನ್ನರ ನೆಲ. ಕೊನೆಗೆ ತಾನೇ ಜಾಮೀನು ನಿಲ್ಲುತ್ತಾನೆ. ಕಾದಂಬರಿಯಲ್ಲಿ ನನಗೆ ಬಹಳ ಮುಖ್ಯವೆನಿಸುವ ಮಾತುಕತೆ ಅದು.

ಅಲ್ಲಿಂದ ದೊಡ್ಡ ಬಿಳಿಯ ಜಮೀನುದಾರ ಗ್ರೇಂಜರ್ ಬೆಳೆಯಲ್ಲಿ ತನ್ನ ಪಾಲನ್ನು ಶೇಕಡಾ 50ರಿಂದ 60ಕ್ಕೆ ಏರಿಸುತ್ತಾನೆ. ಹತ್ತು ಮೂಟೆಯಲ್ಲಿ ಐದು ಸಿಗುತ್ತಿದ್ದ ಒಕ್ಕಲಿಗೆ ಈಗ ನಾಲ್ಕು, ಸಾಲ ಮಾತ್ರ ಅಷ್ಟೇ. ಹಳೆಯ ಬಾಕಿ ಈಗಲೇ ಕಟ್ಟದಿದ್ದರೆ ಶೆರಿಫನನ್ನು ಕರೆಸಿ, ಕಾಲಿಗೆ ಸರಪಳಿ ಹಾಕಿ ದುಡಿಸುವ ಕೈದಿಗಳ ತಂಡಕ್ಕೆ ಸೇರಿಸುತ್ತೇವೆಂದು ಅಂಗಡಿಯವರು ಬೆದರಿಸುತ್ತಾರೆ. ವ್ಯಾಲೇಸರ ಅಂಗಡಿ ಬಿಟ್ಟಿದ್ದ ಒಕ್ಕಲುಗಳಾದ ಏವರಿ, ಲೇನಿಯರ್ ಹಿಂದೆ ಸರಿಯುವುದು ಹೇಡಿತನದಿಂದಲ್ಲ, ದಯವಿಟ್ಟು ಹಾಗೆ ಓದಬೇಡ.

ಕೋರ್ಟಿಗೆ ಹೋಗಬಹುದಿತ್ತಲ್ಲ ಅನ್ನಬಹುದು. 1890ರ ಮಿಸಿಸಿಪ್ಪಿ ಸಂವಿಧಾನ ಮತ ಹಾಕಲು 2 ಡಾಲರ್ ತೆರಿಗೆ ಇಟ್ಟಿತ್ತು, ಸಂವಿಧಾನದ ಭಾಗವೊಂದನ್ನು ಓದಬೇಕು ಅಥವಾ ಅದರ ಅರ್ಥ ಹೇಳಬೇಕು ಎಂದೂ ಇಟ್ಟಿತ್ತು. ಉತ್ತರ ಸರಿಯೋ ತಪ್ಪೋ ಎಂದು ಹೇಳುವವನು ಬಿಳಿಯ ಅಧಿಕಾರಿ. ಮತವಿಲ್ಲದವರಿಗೆ ಕೋರ್ಟಿನಲ್ಲಿ ತೀರ್ಪು ಹೇಳುವ ನಾಗರಿಕರ ಗುಂಪಾದ ಜ್ಯೂರಿಯಲ್ಲೂ ಜಾಗವಿಲ್ಲ. ಊರಿನ ಶಾಲಾ ಮಂಡಳಿಯಲ್ಲಿ ಕೂತವನೂ ಅದೇ ಗ್ರೇಂಜರ್.

ಲೋಗನ್ನರ ಅಡಮಾನ ಹಿಡಿದ ಬ್ಯಾಂಕಿನ ವಿಷಯಕ್ಕೆ ಬಂದಾಗ ಘಟನೆಗಳ ಕ್ರಮ ಗಮನಿಸು. ಅಡಮಾನಕ್ಕೆ ಇನ್ನೂ ನಾಲ್ಕು ವರ್ಷ ಅವಧಿ ಇರುತ್ತದೆ. ಪೂರ್ತಿ ಸಾಲ ಈಗಲೇ ಕಟ್ಟಿ ಎಂದು ಬ್ಯಾಂಕು ಕೇಳುವುದು ತಾಯಿಯ ಶಿಕ್ಷಕಿ ಕೆಲಸ ಹೋದ ಮೇಲೆ, ತಂದೆ ಕಾಲು ಮುರಿದುಕೊಂಡು ಮನೆಯಲ್ಲಿ ಕೂತ ಮೇಲೆ.

ನಿನ್ನ,
ಸುರೇಶ