ಸುಕ್ಕಿನ ಸಲಹೆ ಬರೆಯುವಾಗ ಸೂಕ್ಷ್ಮ ಚರ್ಮದವರನ್ನೂ ನೆನೆಸಿಕೊಳ್ಳಿ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಮುಖದ ಸುಕ್ಕಿಗೆ ಸಲಹೆಗಳು ಬರುತ್ತಲೇ ಇರುತ್ತವೆ. ನಿಂಬೆರಸ ಹಚ್ಚಿ, ಸಕ್ಕರೆ ಹಾಕಿ ತಿಕ್ಕಿ, ಈಗೀಗ ರೆಟಿನಾಲ್ ಅನ್ನುವ ವಿಟಮಿನ್ ಎ ಜಾತಿಯ ಸೀರಮ್ ತನಕ ಬಂದಿದೆ. ಆದರೆ ಏನು ಹಚ್ಚಿದರೂ ಉರಿಯುವ, ಕೆಂಪಗಾಗುವ ಮುಖದವರು ಏನು ಮಾಡಬೇಕು ಅನ್ನುವ ಮಾತು ಒಂದು ಸಾಲಿನಲ್ಲೂ ಇರುವುದಿಲ್ಲ. ನನ್ನದು ಅಂಥ ಚರ್ಮ, ನಮ್ಮ ಅಕ್ಕಂದೂ ಅಂಥದ್ದೇ, ಇಬ್ಬರಿಗೂ ಐವತ್ತು ದಾಟಿದೆ. ವಯಸ್ಸಾದ ಮೇಲೆ ಮುಖ ಚೆನ್ನಾಗಿರಲಿ ಅಂತ ನಮಗೂ ಆಸೆ ಇರುತ್ತದೆ ಅಲ್ವಾ?

ಮೊದಲು ಆ ನಿಂಬೆಹಣ್ಣನ್ನು ಬಿಡಿ, ದಯವಿಟ್ಟು. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ; ನಿಂಬೆರಸದ ಪಿಎಚ್ 2ರ ಆಸುಪಾಸು, ನಮ್ಮ ಚರ್ಮದ್ದು 5ರ ಹತ್ತಿರ. ಅಷ್ಟು ಹುಳಿಯನ್ನು ಮುಖಕ್ಕೆ ಬಳಿದರೆ ಮೊದಲೇ ನಾಜೂಕಾದ ಚರ್ಮ ತಡೆಯುವುದಿಲ್ಲ. ಅದರ ಮೇಲೆ ಬಿಸಿಲಿಗೆ ಹೋದರೆ ಕೆಲವರಿಗೆ ಚರ್ಮ ಸುಟ್ಟ ಹಾಗಾಗಿ ಕಪ್ಪು ಕಲೆ ಉಳಿಯುತ್ತದೆ, ಅದು ಹೋಗುವುದಕ್ಕೆ ತಿಂಗಳುಗಟ್ಟಲೆ ಬೇಕು.

ರೆಟಿನಾಲ್ ಸುಕ್ಕಿಗೆ ಕೆಲಸ ಮಾಡುತ್ತದೆ ಅನ್ನುವುದು ನಿಜ. ಆದರೆ ಸೂಕ್ಷ್ಮ ಚರ್ಮದವರಿಗೆ ಸಿಪ್ಪೆ ಏಳುತ್ತದೆ, ಉರಿಯುತ್ತದೆ, ಬಸುರಿಯರಂತೂ ಅದನ್ನು ಹಚ್ಚಲೇಬಾರದು. ಅದರ ಬದಲಿಗೆ ಬಾಕುಚಿಯಾಲ್ ಅಂತ ಒಂದಿದೆ, ನಮ್ಮ ಬಾವಂಚಿ ಗಿಡದ ಬೀಜದಿಂದ ತೆಗೆಯುವುದು. 44 ಜನರ ಮೇಲೆ 12 ವಾರ ಎರಡನ್ನೂ ಹೋಲಿಸಿ ನೋಡಿದ ಒಂದು ಅಧ್ಯಯನ 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಅಚ್ಚಾಗಿದೆ. ಸುಕ್ಕು, ಕಲೆ ಕಡಿಮೆಯಾಗಿದ್ದು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ, ಸಿಪ್ಪೆ ಮತ್ತು ಚುರುಚುರು ಮಾತ್ರ ರೆಟಿನಾಲ್ ಹಚ್ಚಿದವರಿಗೆ ಜಾಸ್ತಿ. ಸಣ್ಣ ಅಧ್ಯಯನ, ಆದರೂ ನಮ್ಮಂಥವರಿಗೆ ಒಂದು ದಾರಿ. ಹಾಗಂತ ಗ್ರಂಧಿಗೆ ಅಂಗಡಿಯಿಂದ ಬಾವಂಚಿ ಬೀಜ ತಂದು ಅರೆದು ಹಚ್ಚಿಕೊಳ್ಳಬೇಡಿ. ಬೀಜದಲ್ಲಿ ಸೋರಾಲೆನ್ ಅನ್ನುವ ಅಂಶವೂ ಇದೆ, ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆ ಬರುತ್ತದೆ. ಶುದ್ಧ ಮಾಡಿದ ಕ್ರೀಮೇ ಬೇರೆ, ಹಸಿ ಬೀಜವೇ ಬೇರೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಬಿಸಿಲು. ಮುಖದಲ್ಲಿ ಕಾಣುವ ಸುಕ್ಕು, ಕಲೆಗಳಲ್ಲಿ ದೊಡ್ಡ ಪಾಲು ಬಿಸಿಲಿನದೇ. ನಮ್ಮ ಚಿಕ್ಕಮಗಳೂರಲ್ಲಿ ತಂಪು, ಮಂಜು, ಬಿಸಿಲೆಲ್ಲಿ ಅನ್ನುತ್ತಾರೆ. ಆದರೆ ಊರಿರುವುದೇ ಸಮುದ್ರಮಟ್ಟದಿಂದ 1000 ಮೀಟರ್‌ಗೂ ಮೇಲೆ, ಪ್ರತಿ 1000 ಮೀಟರ್‌ಗೆ ನೇರಳಾತೀತ ಕಿರಣ ಸುಮಾರು 10 ಶೇಕಡಾ ಜಾಸ್ತಿಯಾಗುತ್ತದೆ. ತೆಳು ಮೋಡ ಅದನ್ನು ತಡೆಯುವುದಿಲ್ಲ. ನೇರಳಾತೀತದಲ್ಲೇ ಒಂದು ಬಗೆಯಾದ, ಸುಕ್ಕು ತರುವ ಯುವಿಎ ಕಿರಣವಂತೂ ಬಸ್ಸಿನ ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ಆದ್ದರಿಂದ ದುಡ್ಡು ಒಂದಕ್ಕೇ ಸಾಕಾಗುವುದಾದರೆ ಸೀರಮ್ ಬಿಟ್ಟು ಸನ್‌ಸ್ಕ್ರೀನ್ ತಗೊಳ್ಳಿ, ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದು, ಬಿಸಿಲು ತಡೆಯುವ ಅಳತೆಯಾದ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇಲ್ಲದ್ದು, ಪರಿಮಳ ಹಾಕದ್ದು. ಅವು ಸಾಮಾನ್ಯವಾಗಿ ಉರಿಯುವುದಿಲ್ಲ, ಸ್ವಲ್ಪ ಬೆಳ್ಳಗೆ ಕಾಣುತ್ತವೆ ಅಷ್ಟೇ. ಹೊರಗಡೆ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ತೋಟದಲ್ಲಿ ಕಾಫಿ ಕುಯ್ಯುವ ಹೆಣ್ಣುಮಕ್ಕಳು ತಲೆಗೆ ಬಟ್ಟೆ ಕಟ್ಟಿ, ಮೇಲೆ ತುಂಬುತೋಳಿನ ಶರ್ಟ್ ಹಾಕುತ್ತಾರಲ್ಲ, ಅದು ಯಾವ ಕ್ರೀಮಿಗೂ ಕಡಿಮೆಯಲ್ಲ. ಅದನ್ನೂ ಬರೆಯಿರಿ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಕಡೂರು, ಅರಸೀಕೆರೆ ಕಡೆ ರಸ್ತೆ ಬದಿಯಲ್ಲೆಲ್ಲ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಒಣಗಿದಾಗ ಅದರ ಪುಡಿ ಗಾಳಿಯಲ್ಲಿ ಬಂದು ಕೂರುತ್ತದೆ. ಅಲರ್ಜಿ ಇದ್ದವರಿಗೆ ಕಣ್ಣುರೆಪ್ಪೆ, ಮುಖ, ಕತ್ತು, ಮೊಣಕೈ ಮಡಿಕೆಯಲ್ಲಿ ತುರಿಕೆ ಶುರು. ತುರಿಸಿ ತುರಿಸಿ ಚರ್ಮ ದಪ್ಪವಾಗಿ ಗೆರೆ ಎದ್ದುಬಿಡುತ್ತವೆ. ವಯಸ್ಸಾಯ್ತು ಅಂದುಕೊಂಡು ಸುಕ್ಕಿನ ಕ್ರೀಮ್ ಹಚ್ಚುತ್ತಾರೆ, ಇನ್ನೂ ಉರಿಯುತ್ತದೆ. ಅಂಥವರು ಹೋಗಬೇಕಾದದ್ದು ಚರ್ಮದ ಡಾಕ್ಟರ ಹತ್ತಿರ. ತಲೆಗೆ ಬಣ್ಣ ಹಚ್ಚಿದ ಮೇಲೆ ಹಣೆ ಅಂಚು, ಕಿವಿ ಹಿಂದೆ ತುರಿಸುವವರೂ ಅಷ್ಟೇ, ಆ ಬಣ್ಣದಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಕಾರಣ ಇರಬಹುದು.

ಮೆಡಿಕಲ್ ಶಾಪಿನಲ್ಲಿ ಮುಖಕ್ಕೆ ಏನಾದರೂ ಕೊಡಿ ಅಂತ ಕೇಳಿ ತರುವ ಟ್ಯೂಬಿನ ಬಗ್ಗೆ ಜೋರಾಗಿಯೇ ಹೇಳಬೇಕು. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಮೊದಲ ವಾರ ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣುತ್ತದೆ, ಬಿಟ್ಟರೆ ಬೆಂಕಿ ಬಿದ್ದ ಹಾಗೆ ಉರಿ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿದೆ. ಹಾಗಿದ್ದೂ ಕೇಳಿದ ಕೂಡಲೇ ಕೊಡುವ ಅಂಗಡಿಗಳಿವೆ, ನನಗೆ ಇದು ಬಹಳ ಸಂಕಟದ ವಿಷಯ.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. ಮುಖಕ್ಕೆ ಹಚ್ಚುವ ಯಾವ ಸಲಹೆ ಅಚ್ಚಾದರೂ ಅದನ್ನು ಒಬ್ಬ ಚರ್ಮದ ಡಾಕ್ಟರಿಗೆ ತೋರಿಸಿ ಹಾಕಿ. ಕೆಳಗೆ ಎರಡು ಸಾಲು ಸೇರಿಸಿ: ಹೊಸದನ್ನು ಮೊದಲು ಮುಂಗೈ ಒಳಭಾಗಕ್ಕೆ ದಿನಕ್ಕೆ ಎರಡು ಸಲ, ಏಳರಿಂದ ಹತ್ತು ದಿನ ಹಚ್ಚಿ ನೋಡಿ, ತುರಿಕೆ ಬಂದರೆ ಬಿಡಿ. ಒಂದೇ ಸಲಕ್ಕೆ ಎರಡು ಹೊಸದು ಶುರು ಮಾಡಬೇಡಿ. ಕಾಫಿ ಕುಯ್ಲು ಶುರುವಾಗುವ ಮುಂಚೆ, ಅಂದರೆ ನವೆಂಬರ್ ಒಳಗೆ, ಬಿಸಿಲು ಮತ್ತು ಪಾರ್ಥೇನಿಯಂ ಬಗ್ಗೆ ಡಾಕ್ಟರ್ ಒಬ್ಬರ ಹತ್ತಿರ ಒಂದು ಪುಟ ಬರೆಸಿ ಹಾಕಿ.

ಇಂತಿ,
ನಿಮ್ಮ ಓದುಗರೊಬ್ಬರು
ಚಿಕ್ಕಮಗಳೂರು