ಮೆಡಿಟರೇನಿಯನ್ ಕೈತೋಟಕ್ಕೆ ವೀರಗಲ್ಲು ಬೇಡ

ಮಾನ್ಯ ಸಂಪಾದಕರೇ,

ಮನೆಯಂಗಳದಲ್ಲಿ ಮೆಡಿಟರೇನಿಯನ್ ಶೈಲಿಯ ಕೈತೋಟ ಮಾಡುವ ಬಗ್ಗೆ ಕಳೆದ ಶನಿವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಜಲ್ಲಿ ಹಾಸು, ಸುಣ್ಣದ ಗೋಡೆ, ಮಣ್ಣಿನ ಕುಂಡ, ನಡುವೆ ಕಲ್ಲಿನ ತೊಟ್ಟಿ. ಚಿತ್ರಗಳು ಚೆನ್ನಾಗಿದ್ದವು. ಕೋಲಾರದಲ್ಲಿ ನಮ್ಮ ಮನೆಯ ಮುಂದಿರುವುದೂ ಇಂಥದ್ದೇ ತೋಟ. ಹಾಗಾಗಿ ಖುಷಿಯಿಂದಲೇ ಓದಿದೆ. ಆದರೆ ಹಳೆಯ ಕೆತ್ತನೆ ಕಲ್ಲು ಎಲ್ಲಾದರೂ ಸಿಕ್ಕರೆ ತಂದಿಡಿ, ತೋಟಕ್ಕೆ ಕಳೆ ಬರುತ್ತದೆ ಅನ್ನುವ ಸಲಹೆಯೂ ಅದರಲ್ಲಿತ್ತು. ಈ ಪತ್ರ ಬರೆಯುತ್ತಿರುವುದು ಆ ಒಂದು ಮಾತಿಗಾಗಿ.

ಅಂಥ ಕಲ್ಲುಗಳು ಎಲ್ಲಿ ಸಿಗುತ್ತವೆ ಅಂತ ನಾನು ನೋಡಿದ್ದೇನೆ. ಹೆದ್ದಾರಿ ಪಕ್ಕದ ಒಂದು ಅಂಗಡಿ. ಸಿಮೆಂಟಿನ ಸಿಂಹ, ಫೈಬರ್ ಕಾರಂಜಿ, ರೆಕ್ಕೆ ಇರುವ ಮಗುವಿನ ಗೊಂಬೆಗಳು ಸಾಲಾಗಿ ನಿಂತಿದ್ದವು. ಅದರ ಕೊನೆಗೆ ಎದೆಮಟ್ಟದ ಒಂದು ಕಲ್ಲನ್ನು ಗೋಡೆಗೆ ಒರಗಿಸಿದ್ದರು. ಮೂರು ಅಂತಸ್ತಿನ ಕೆತ್ತನೆ. ಕೆಳಗೆ ಬಿಲ್ಲು ಹಿಡಿದವನು, ಅವನ ಬೆನ್ನ ಹಿಂದೆ ಒತ್ತೊತ್ತಾಗಿ ದನದ ತಲೆಗಳು. ನಡುವೆ ಅವನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು. ಮೇಲಿನ ಅಂತಸ್ತಿನಲ್ಲಿ ಅವನು ಲಿಂಗದ ಮುಂದೆ ಕೂತಿದ್ದಾನೆ. ದನಗಳ ಕಿವಿಯ ಸಂದಿನಲ್ಲಿ ಅರಿಶಿನ ಇನ್ನೂ ಉಳಿದಿತ್ತು. ಎಣ್ಣೆ ಹಚ್ಚಿ ಹಚ್ಚಿ ವೀರನ ಎದೆ ಕರ್ರಗಾಗಿತ್ತು. ಅಂದರೆ ಯಾವುದೋ ಊರಿನವರು ಮೊನ್ನೆ ಮೊನ್ನೆಯವರೆಗೂ ಅದಕ್ಕೆ ಕೈ ಮುಗಿಯುತ್ತಿದ್ದರು. ವಿಚಾರಿಸಿದರೆ, 'ಗಾರ್ಡನ್ ಪೀಸ್ ಮೇಡಂ, ಇಟಾಲಿಯನ್ ಲುಕ್ ಬರುತ್ತೆ' ಅನ್ನುವ ಉತ್ತರ. ಹೊಟ್ಟೆ ಉರಿಯಿತು. ಫೋಟೊ ಸಮೇತ ತಾಲ್ಲೂಕು ಕಚೇರಿಗೆ ಬರೆದು ಕೊಟ್ಟಿದ್ದೇನೆ.

ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕಲ್ಲು ಅದು, ವೀರಗಲ್ಲು. ನಮ್ಮ ಜಿಲ್ಲೆಯ ಕೆರೆ ಏರಿಗಳ ಮೇಲೆ, ಹೊಲದ ಬದುವಿನಲ್ಲಿ, ಹುಣಸೆ ಮರದ ಬುಡದಲ್ಲಿ ಇಂಥವು ಇನ್ನೂ ಇವೆ. ಸತಿ ಹೋದ ಹೆಂಗಸರ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳೂ ಇವೆ. ಬಳೆ ತೊಟ್ಟ ಕೈಯೊಂದು ಮೇಲೆದ್ದಿರುತ್ತದೆ, ಬೆರಳುಗಳ ನಡುವೆ ನಿಂಬೆಹಣ್ಣು. ಶಾಸನತಜ್ಞ ಬಿ.ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳಿಗೇ ಒಂದು ದೊಡ್ಡ ಸಂಪುಟ ಮಾಡಿ 1905ರಲ್ಲಿ ಪ್ರಕಟಿಸಿದರು. ಅಷ್ಟು ಸಿಕ್ಕಿದ್ದವು ಇಲ್ಲಿ. ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು, ಬೆಳಕಿಗೆ ಬಂದದ್ದು 2018ರಲ್ಲಿ. ಅದಕ್ಕೂ ಮೊದಲೇ ಯಾರಾದರೂ ಎತ್ತಿಕೊಂಡು ಹೋಗಿ ತಮ್ಮ ಲಾನ್ ಮೇಲೆ ನಿಲ್ಲಿಸಿದ್ದರೆ ಬೆಂಗಳೂರಿಗೆ ಆ ಚರಿತ್ರೆಯೇ ಇರುತ್ತಿರಲಿಲ್ಲ, ಅಲ್ವಾ? ಕಲ್ಲು ಇದ್ದ ಜಾಗದಲ್ಲೇ ಇದ್ದರೆ ಮಾತ್ರ ಅದು ಯಾವ ಊರಿನ ಕಥೆ ಅಂತ ಗೊತ್ತಾಗುವುದು.

ಕಾನೂನೂ ಇದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಶಾಸನಗಳೆಲ್ಲ ಪುರಾವಸ್ತುಗಳು. ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಹಳೆಯ ಕಲ್ಲಿನ ಶಿಲ್ಪ ಮನೆಯಲ್ಲಿದ್ದರೆ ನೋಂದಣಿ ಮಾಡಿಸಬೇಕು.

ಮೆಡಿಟರೇನಿಯನ್ ತೋಟಕ್ಕೆ ಇದ್ಯಾವುದೂ ಬೇಕಾಗಿಯೇ ಇಲ್ಲ. ಇಟಲಿಯ ಪ್ರಾಚೀನ ನಗರ ಪೊಂಪೈನಲ್ಲಿ ವೆಟ್ಟಿ ಮನೆ ಅಂತ ಒಂದಿದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದದ್ದು. ರಿಪೇರಿ ಮುಗಿಸಿ 2023ರಲ್ಲಿ ಮತ್ತೆ ತೆರೆದರು. ಕಂಬಸಾಲಿನ ನಡುವೆ ಅಂಗಳ. ಸೀಸದ ಕೊಳವೆಯಲ್ಲಿ ಬಂದ ನೀರು ಪ್ರತಿಮೆಗಳಿಂದ ಚಿಮ್ಮಿ ಅಮೃತಶಿಲೆಯ ತೊಟ್ಟಿಗೆ ಬೀಳುತ್ತಿತ್ತು. ಸ್ಪೇನಿನ ಗ್ರನಾಡಾದ ಅಲ್ಹಂಬ್ರ ಅರಮನೆಯಲ್ಲಿ 14ನೇ ಶತಮಾನದ ಸಿಂಹದಂಗಳವಿದೆ. ಹನ್ನೆರಡು ಕಲ್ಲಿನ ಸಿಂಹಗಳು ನೀರಿನ ಬಟ್ಟಲನ್ನು ಹೊತ್ತಿವೆ. ಎರಡು ಕಡೆಯೂ ಕಲ್ಲಿಗೆ ಒಂದು ಕೆಲಸವಿತ್ತು. ನೀರು ಹಿಡಿಯುವುದು, ನೀರು ಹರಿಸುವುದು. ಆ ಸೀಮೆಯ ಹಳ್ಳಿಮನೆಗಳ ಅಂಗಳದಲ್ಲಿ ಇವತ್ತಿಗೂ ಆಲಿವ್ ಅರೆಯುತ್ತಿದ್ದ ದುಂಡು ಕಲ್ಲುಗಳು ಬಿದ್ದಿರುತ್ತವೆ. ಮೂಲೆಗೆ ಸರಿದ ಒರಳುಕಲ್ಲು ನಮ್ಮ ಮನೆಗಳಲ್ಲೂ ಇದೆ, ದನಕ್ಕೆ ನೀರಿಡುತ್ತಿದ್ದ ಕಲ್ಲುಬಾನಿ ಇದೆ. ಅವನ್ನು ಇಡಿ, ಯಾರ ಅಭ್ಯಂತರವೂ ಇಲ್ಲ. ಹಳೆಯ ಗಾಣದ ಕಲ್ಲು ತರುವುದಾದರೆ ಮಾತ್ರ ಮೊದಲು ಸುತ್ತ ತೊಳೆದು ನೋಡಿ. ಕೆಲವು ಗಾಣದ ಕಲ್ಲುಗಳ ಮೇಲೂ ಶಾಸನ ಇರುತ್ತದೆ.

ಹೊಸ ಕೆತ್ತನೆ ಬೇಕು ಅನ್ನುವವರಿಗೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಇದೆ. ಊರಿನ ಬೀದಿಗೆ ಕಾಲಿಟ್ಟರೆ ಉಳಿಯ ಸದ್ದು. ನಮ್ಮ ತೊಟ್ಟಿಯನ್ನು ಅಲ್ಲೇ ಮಾಡಿಸಿದ್ದು. ಬೂದು ಬಣ್ಣದ ಗ್ರಾನೈಟು, ತಟ್ಟೆಯಷ್ಟು ಅಗಲ, ಎರಡು ಬೆರಳು ಆಳ. ಪಾಲಿಶ್ ಬೇಡ ಅಂದೆ. ಶಿಲ್ಪಿಗೆ ಅದು ಹಿಡಿಸಲಿಲ್ಲ, ಆದರೂ ಒಪ್ಪಿಕೊಂಡರು. ಒಳಗೆ ಉಳಿ ತಾಗಿದ ಗುರುತುಗಳು ಸಾಲು ಸಾಲಾಗಿ ಹಾಗೇ ಇವೆ. ಆ ಒರಟಿನಿಂದಲೇ ಪಿಕಳಾರಗಳ ಕಾಲು ಜಾರುವುದಿಲ್ಲ, ಅಂಚಿಗೆ ಕೂತು ನೆಮ್ಮದಿಯಾಗಿ ಸ್ನಾನ ಮಾಡುತ್ತವೆ. ಒಂದು ಕಡೆ ಅಂಚನ್ನು ಕೊಂಚ ತಗ್ಗಿಸಿ ಕೊಟ್ಟಿದ್ದಾರೆ. ತುಂಬಿದ ನೀರು ಅಲ್ಲಿಂದ ದಾಳಿಂಬೆ ಗಿಡದ ಬುಡಕ್ಕೆ ಇಳಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಲೇಬೇಕು, ಇಲ್ಲದಿದ್ದರೆ ಸೊಳ್ಳೆ ಮರಿ. ಕಪ್ಪು ಕಲ್ಲು ಬೇಡ. ಏಪ್ರಿಲ್ ಬಿಸಿಲಿಗೆ ಮುಟ್ಟಲಾಗದಷ್ಟು ಕಾಯುತ್ತದೆ, ಪಕ್ಕದ ಗಿಡವೂ ಬಾಡುತ್ತದೆ.

ಗಿಡಗಳ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಪುರವಣಿಯ ಪಟ್ಟಿಯಲ್ಲಿ ಲ್ಯಾವೆಂಡರ್ ಮೊದಲಿತ್ತು. ಮೆಡಿಟರೇನಿಯನ್ ಸೀಮೆಯಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ನಮ್ಮಲ್ಲಿ ಸೆಕೆ ಇನ್ನೂ ಇರುವಾಗಲೇ ಮಳೆ ಹಿಡಿಯುತ್ತದೆ, ಅಕ್ಟೋಬರ್ ದಾಟುವವರೆಗೂ ಬಿಡುವುದಿಲ್ಲ. ಕೆಂಪು ಮಣ್ಣಿನಲ್ಲಿ ನೀರು ನಿಂತರೆ ಲ್ಯಾವೆಂಡರ್ ಬೇರು ಕೊಳೆತು ಹೋಗುತ್ತದೆ. ಆಲಿವ್ ಗಿಡ ಬದುಕೀತು, ಆದರೆ ಸಾಕಷ್ಟು ಚಳಿ ಇಲ್ಲದೆ ಹೂ ಕಚ್ಚುವುದಿಲ್ಲ. ರೋಸ್‌ಮೇರಿ ಪರವಾಗಿಲ್ಲ, ಮರಳು ಜಾಸ್ತಿ ಬೆರೆಸಿದ ಕುಂಡದಲ್ಲಿ ಬರುತ್ತದೆ. ಅದಕ್ಕಿಂತ ದಾಳಿಂಬೆ, ಅಂಜೂರ, ಕಣಗಿಲೆ ನೆಡಿ. ಇವು ಆ ಸೀಮೆಯ ಗಿಡಗಳೂ ಹೌದು. ರೋಮ್ ಚಕ್ರವರ್ತಿ ಅಗಸ್ಟಸನ ಹೆಂಡತಿ ಲಿವಿಯಾಳ ಮನೆಯ ಒಂದು ಕೋಣೆಯ ಗೋಡೆಗಳ ತುಂಬ ತೋಟದ ಚಿತ್ರ ಬರೆಸಿದ್ದರು. ಅದರಲ್ಲಿ ಹಣ್ಣು ಬಿಟ್ಟ ದಾಳಿಂಬೆ ಇದೆ, ಕಣಗಿಲೆಯೂ ಇದೆ. ಎರಡು ಸಾವಿರ ವರ್ಷದ ಹಿಂದಿನ ಆ ಗೋಡೆಗಳನ್ನು ಈಗ ರೋಮಿನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಕಣಗಿಲೆ ವಿಷದ ಗಿಡ. ಚಿಕ್ಕ ಮಕ್ಕಳು, ಮೇಕೆ ಇರುವ ಮನೆಯವರು ಅದನ್ನು ಬಿಟ್ಟುಬಿಡಿ.

ಜಲ್ಲಿಯನ್ನು ಸುಮ್ನೆ ಅಂದಕ್ಕೆ ಅಂತ ಹಾಕಬೇಡಿ. ಮೂರು ಬೆರಳಿನಷ್ಟು ದಪ್ಪ ಹಾಸಿದರೆ ಮಣ್ಣಿನ ತೇವ ಬೇಗ ಆರುವುದಿಲ್ಲ, ಮಳೆಗಾಲದಲ್ಲಿ ಗಿಡದ ಬುಡಕ್ಕೆ ಕೆಸರು ಸಿಡಿಯುವುದಿಲ್ಲ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುವುದು ಈಗ ರೂಢಿಯಾಗಿಬಿಟ್ಟಿದೆ. ದಯವಿಟ್ಟು ಬೇಡ. ಬೋರ್‌ವೆಲ್ ಬತ್ತುವ ನಮ್ಮಂಥ ಊರಿನಲ್ಲಿ ಮಳೆ ನೀರು ಮಣ್ಣಿಗೆ ಇಳಿಯಬೇಕು, ಚರಂಡಿಗಲ್ಲ.

ನಿಮ್ಮ ಪುರವಣಿಯನ್ನು ತುಂಬ ಮನೆಗಳಲ್ಲಿ ಓದುತ್ತಾರೆ. ಹೊಸದಾಗಿ ಮನೆ ಕಟ್ಟಿದವರು ಅದರ ಪುಟ ಕತ್ತರಿಸಿ ಇಟ್ಟುಕೊಳ್ಳುವುದನ್ನೂ ಕಂಡಿದ್ದೇನೆ. ಅದಕ್ಕೇ ಕೇಳುತ್ತಿರುವುದು. ಆ ಸಲಹೆಯನ್ನು ವಾಪಸ್ ತೆಗೆದುಕೊಂಡು ಅದೇ ಪುಟದಲ್ಲಿ ಒಂದು ಸ್ಪಷ್ಟನೆ ಹಾಕಿ. ವೀರಗಲ್ಲು, ಮಾಸ್ತಿಕಲ್ಲು, ನಾಗರಕಲ್ಲು, ಅಕ್ಷರ ಇರುವ ಯಾವ ಕಲ್ಲನ್ನೂ ಕೊಳ್ಳಬೇಡಿ ಅಂತ ಹೇಳಿ. ಮಾರುವುದು ಕಂಡರೆ ತಹಶೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ ಅಂತಲೂ ಬರೆಯಿರಿ. ಸಾಧ್ಯವಾದರೆ ನಿಮ್ಮ ವರದಿಗಾರರನ್ನು ಒಮ್ಮೆ ಶಿವಾರಪಟ್ಟಣಕ್ಕೆ ಕಳಿಸಿ. ದೇವರ ವಿಗ್ರಹವಲ್ಲದೆ ತೊಟ್ಟಿ, ದೀಪದ ಕಂಬ, ಕೂರುವ ಕಲ್ಲುಬೆಂಚುಗಳನ್ನು ಅಲ್ಲಿ ಯಾರು ಮಾಡಿಕೊಡುತ್ತಾರೆ, ಎಷ್ಟಾಗುತ್ತದೆ ಅಂತ ಓದುಗರಿಗೆ ತಿಳಿಯಲಿ.

ಇಂತಿ,
ನಿವೃತ್ತ ಶಿಕ್ಷಕಿ, ಕೋಲಾರ